ನರ್ಸಕ್ಕನ ಕೈಗುಣ

ಆಕೆ ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಕುರ್ಲಾದ ಚಾಳಿನ ಹೆಂಗಸರೆಲ್ಲ ನಳದ ಹತ್ತಿರ ಸೇರಿ ಆಕೆಯ ಕೈಗುಣವನ್ನು ಹೊಗಳಿದರು. ಒಂದಿಬ್ಬರು ಅತ್ತರು. ಕೆಳಗಿನ ಹೋಟೆಲ್ಲಿನ ಭಟ್ಟರ ಹೆಂಡತಿ, ಉಡುಪಿ ಕಡೆಯವರು, ಸೆರಗಿನಿಂದ ಮೂಗು ಒರೆಸಿಕೊಂಡು, "ನನ್ನ ಹೆರಿಗೆ ಎಲ್ಲ ಅವರ ಕೈಯಲ್ಲೇ ಆದದ್ದು. ಹೊಡೆದದ್ದು ಹೌದು ಮಾರಾಯ್ತಿ. ಆದ್ರೆ ನಮ್ಮ ಒಳ್ಳೇದಕ್ಕೇ ಅಲ್ವಾ ಹೊಡೆದದ್ದು?" ಎಂದರು. ಉಳಿದವರು ಹೌದು ಹೌದೆಂದು ತಲೆಯಾಡಿಸಿದರು. ನಾನು ಕೊಡ ತುಂಬಿದ ಕೂಡಲೇ ಎತ್ತಿಕೊಂಡು ಒಳಗೆ ಬಂದುಬಿಟ್ಟೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬುದು ನನಗೂ ಗೊತ್ತು. ಆಕೆಯ ಬಗ್ಗೆ ಆಡಲು ಒಳ್ಳೆಯದು ಬೇಕಾದಷ್ಟಿದೆ, ಆಡುತ್ತೇನೆ. ಅಷ್ಟನ್ನೇ ಆಡಿ ಸುಮ್ಮನಾಗುವುದು ಮಾತ್ರ ನನ್ನಿಂದ ಆಗುವುದಿಲ್ಲ.

ಚಾಳಿಗೆಲ್ಲ ಆಕೆ ನರ್ಸಕ್ಕ. ಬೆಳಗಾವಿ ಕಡೆಯವಳು. ಕುರ್ಲಾದಿಂದ ಸ್ವಲ್ಪ ದೂರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ನಾನು ಧಾರವಾಡದಿಂದ ಹೊಸದಾಗಿ ಸಂಸಾರ ಹೂಡಲು ಬಂದಾಗ ಆಕೆಗೆ ಆಗಲೇ ನಲವತ್ತು ದಾಟಿತ್ತು. ಕುಳ್ಳು, ಗಟ್ಟಿ ಮೈ, ದಪ್ಪ ಕೈ, ಉಗುರನ್ನು ಬುಡದವರೆಗೆ ಕತ್ತರಿಸಿಕೊಳ್ಳುತ್ತಿದ್ದಳು. ಡ್ಯೂಟಿ ಮುಗಿಸಿ ಬಂದರೆ ಕೋಣೆಯೊಳಗೆ ಕಾಲಿಡುವ ಮೊದಲು ನಳದ ಹತ್ತಿರ ನಿಂತು ಮೊಣಕೈತನಕ ಕೆಂಪು ಸಾಬೂನು ತಿಕ್ಕಬೇಕು. ಎಷ್ಟು ತಿಕ್ಕಿದರೂ ಫಿನಾಯಿಲಿನ ವಾಸನೆ ಹೋಗುತ್ತಿರಲಿಲ್ಲ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಹಸಿರು ಬಳೆ ಇದ್ದವು. ಆದರೆ ಗಂಡನನ್ನು ಯಾರೂ ಕಂಡಿರಲಿಲ್ಲ. ಎಲ್ಲಿದ್ದಾನೆ, ಏನು ಮಾಡುತ್ತಾನೆ ಎಂದು ಕೇಳುವ ಧೈರ್ಯ ಚಾಳಿನಲ್ಲಿ ಯಾರಿಗೂ ಇರಲಿಲ್ಲ.

ನಳದ ಮುಂದೆ ಪಾಳಿ ಹಚ್ಚಿ ನಿಲ್ಲುವಾಗ ಬಸುರಿ ಹೆಂಗಸು ಮುಂದೆ ಹೋಗಬೇಕೆಂಬ ಕಾಯಿದೆ ಮಾಡಿದವಳು ಆಕೆ. ಗೊಣಗಿದವರ ಕೊಡವನ್ನು ಎತ್ತಿ ಪಾಳಿಯ ಕೊನೆಗೆ ಇಟ್ಟುಬಿಡುತ್ತಿದ್ದಳು. ಬಾಣಂತಿಗೆ ನೀರು ಕುಡಿಸಬಾರದು, ಕುಡಿಸಿದರೆ ಹೊಟ್ಟೆ ಬರುತ್ತದೆ ಎನ್ನುವ ಅತ್ತೆಯಂದಿರನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿ. ಎದುರುಕೋಣೆಯ ಮುದುಕಿಯೊಬ್ಬಳು ಸೊಸೆಯನ್ನು ಹಾಗೆ ಬಾಯಾರಿಸಿ ಇಟ್ಟಿದ್ದಾಗ, ಈಕೆ ತಂಬಿಗೆ ತುಂಬ ನೀರು ತಂದು ಸೊಸೆಯ ಕೈಗೆ ಕೊಟ್ಟು, ಅದು ಖಾಲಿಯಾಗುವತನಕ ಮುದುಕಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದಳು. "ನೀ ಒಂದ ದಿನಾ ನೀರ ಬಿಟ್ಟ ನೋಡಬೇ, ಆಮ್ಯಾಲೆ ಹೇಳವಂತಿ" ಎಂದಿದ್ದಳು. ಕುಡಿದು ಬಂದು ಹೆಂಡತಿಗೆ ಹೊಡೆಯುತ್ತಿದ್ದ ಒಬ್ಬ ಮಿಲ್ಲಿನ ಆಳು ನರ್ಸಕ್ಕನ ನೆರಳು ಕಂಡರೆ ಸಂಡಾಸಿನಲ್ಲಿ ಹೋಗಿ ಅಡಗುತ್ತಿದ್ದ. ಇದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಆಕೆಯನ್ನು ಬಹಳ ಹಚ್ಚಿಕೊಂಡಿದ್ದೆ.

ಆಸ್ಪತ್ರೆಯಲ್ಲಿ ಆಕೆ ಹೊಡೆಯುತ್ತಾಳೆ ಎಂಬುದು ಚಾಳಿನಲ್ಲಿ ಗುಟ್ಟಿನ ಮಾತೇನಾಗಿರಲಿಲ್ಲ. ಹೆತ್ತು ಬಂದವರು ತೊಡೆಯ ಮೇಲೆ ಬಿದ್ದ ಏಟಿನ ಕಥೆಯನ್ನು ನಗುನಗುತ್ತ ಹೇಳುತ್ತಿದ್ದರು. ನರ್ಸಕ್ಕನ ಏಟು ಬಿದ್ದರೆ ಕೂಸು ಬೇಗ ಬರುತ್ತದೆ ಎಂಬ ನಂಬಿಕೆಯೂ ಇತ್ತು. ನಾನು ಹಡೆದದ್ದು ತವರಿನಲ್ಲಿ, ಹಾಗಾಗಿ ನನಗೆ ಅದರ ರುಚಿ ಗೊತ್ತಿರಲಿಲ್ಲ. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಗಂಗವ್ವ ನನ್ನ ನೆಗೆಣ್ಣಿ, ಮೈದುನ ಮಲ್ಲಪ್ಪನ ಹೆಂಡತಿ. ವಿಜಾಪುರದ ಕಡೆಯ ಸಣ್ಣ ಹಳ್ಳಿಯಿಂದ ಬಂದ ಹುಡುಗಿ. ಮಾತು ಕಡಿಮೆ, ಕೆಲಸ ಜಾಸ್ತಿ. ಮಲ್ಲಪ್ಪ ಕುರ್ಲಾದಲ್ಲೇ ಕಬ್ಬಿಣದ ಎರಕದ ಕಾರಖಾನೆಯೊಂದರಲ್ಲಿ ದುಡಿಯುತ್ತಿದ್ದ. ಕಾದ ಕಬ್ಬಿಣದ ಕಿಡಿ ಸಿಡಿದು ಅವನ ಕೈಮೇಲೆಲ್ಲ ಸುಟ್ಟ ಕಲೆಗಳಿದ್ದವು. ಅವನು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವವರೆಗೂ ಈಕೆಯ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಎತ್ತುವುದಿಲ್ಲ. ಎತ್ತಿದರೆ ಅವನ ಆಯುಷ್ಯ ತಗ್ಗುತ್ತದೆ ಎಂಬ ಅಂಜಿಕೆ. ಮದುವೆ ಮುಂಜಿಯಲ್ಲಿ ಹೇಳಲೇಬೇಕೆಂದು ಗಂಟುಬಿದ್ದರೆ ಒಡಪು ಹಾಕಿ ಹೇಳುತ್ತಾರೆ, ಎರಡು ಸಾಲು ಪ್ರಾಸ ಕಟ್ಟಿ ಕೊನೆಗೆ ಹೆಸರನ್ನು ಸೇರಿಸಿಬಿಡುತ್ತಾರೆ. ಹಾಗೆ ಹೇಳಿದರೆ ದೋಷವಿಲ್ಲ. ಗಂಗವ್ವ ಬಸುರಾಗಿ ಆಕೆಯ ಕುಬಸದ, ಎಂದರೆ ಸೀಮಂತದ, ದಿನ, ಹಸಿರು ಸೀರೆ ಉಡಿಸಿ ಹಸಿರು ಬಳೆ ಇಡಿಸಿ ಆರತಿ ಎತ್ತುವ ಮೊದಲು, ಚಾಳಿನ ಹೆಂಗಸರು ಒಡಪು ಹೇಳೆಂದು ಕಾಡಿದರು. ಪಾಪ, ಆಕೆ ಕಣ್ಣು ಮುಚ್ಚಿಕೊಂಡು ಶುರುಮಾಡಿದಳು:

"ಬೆಳ್ಳಿ ತಾಟಿನ್ಯಾಗ ಬೆಲ್ಲ, ಬೆಲ್ಲದ ಮ್ಯಾಲೆ ತುಪ್ಪ..."

ಮುಂದಿನ ಸಾಲು 'ನನ್ನ ಹಣೀಬರದಾಗ ಬಂದವರು ಮಲ್ಲಪ್ಪ' ಎಂದು. ಅದನ್ನು ನಾನೇ ಕಟ್ಟಿಕೊಟ್ಟಿದ್ದೆ. ತುಪ್ಪಕ್ಕೆ ಬಂದವಳು ಮುಂದೆ ಹೋಗಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡುಬಿಟ್ಟಳು. ಹೆಂಗಸರು ಬಿಡಲಿಲ್ಲ. ಆಗ ನರ್ಸಕ್ಕನೇ ಎಲ್ಲರನ್ನೂ ಗದರಿಸಿ, "ಸಾಕ ಬಿಡ್ರೆವಾ. ತುಪ್ಪ ಬಂದಮ್ಯಾಲೆ ಮಲ್ಲಪ್ಪ ಬಂದಂಗ. ಬಸರಿ ಹುಡುಗೀನ ಯಾಕ ಹಿಂಗ ಗೋಳ ಹುಯ್ಕೊಳ್ತೀರಿ?" ಎಂದು ಆಕೆಯ ಬಾಯಿಗೆ ಹೋಳಿಗೆಯ ತುಣುಕು ಇಟ್ಟಳು. ಗಂಗವ್ವ ಆಕೆಯ ಭುಜಕ್ಕೆ ಒರಗಿಕೊಂಡಳು. ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆಂದರೆ, ಆ ಹೆಸರು ಏನೆಂದು ನರ್ಸಕ್ಕನಿಗೆ ಗೊತ್ತಿತ್ತು. ಅದು ಆ ಹುಡುಗಿಯ ಬಾಯಿಂದ ಯಾಕೆ ಬರುವುದಿಲ್ಲ ಎಂಬುದೂ ಗೊತ್ತಿತ್ತು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಗಂಗವ್ವನಿಗೆ ತಾಯಿ ಇರಲಿಲ್ಲ. ಊರಿಗೆ ಕಳಿಸುವುದೋ ಬೇಡವೋ ಎಂದು ನಾವು ಮೀನಮೇಷ ಎಣಿಸುತ್ತಿದ್ದಾಗ ನರ್ಸಕ್ಕನೇ ಬಂದು, "ನಾ ಇರೂವಾಗ ಆಕೀನ ಅಷ್ಟ ದೂರ ಯಾಕ ಕಳಸ್ತೀರಿ? ನಮ್ಮ ದವಾಖಾನ್ಯಾಗ ಹಡೀಲಿ" ಎಂದಳು. ಮುಂಬಯಿಯಂಥ ಊರಲ್ಲಿ ಆಸ್ಪತ್ರೆಯೊಳಗೆ ನಮ್ಮ ಮಾತಿನವರು, ನಮ್ಮ ಚಾಳಿನವರು ಇರುವುದೆಂದರೆ ಸಣ್ಣ ಮಾತೇ? ನಾವು ನಿಶ್ಚಿಂತೆಯಾದೆವು.

ಬೇಸಿಗೆಯ ದಿನ. ಬೆಳಿಗ್ಗೆ ಮಲ್ಲಪ್ಪ ಕೆಲಸಕ್ಕೆ ಹೋದ ಮೇಲೆ ನೋವು ಕಾಣಿಸಿತು. ನಾನು ಘೋಡಾಗಾಡಿ ಮಾಡಿಕೊಂಡು ಗಂಗವ್ವನನ್ನು ಕರೆದೊಯ್ದೆ. ಆಸ್ಪತ್ರೆಯ ಪಡಸಾಲೆಯಲ್ಲಿ ಒಂದು ಮೇಜು, ಅದರ ಹಿಂದೆ ನರ್ಸಕ್ಕ. ತಲೆಯ ಮೇಲೆ ಬಿಳಿ ಟೊಪ್ಪಿಗೆ. ನಮ್ಮನ್ನು ನೋಡಿಯೂ ನಗಲಿಲ್ಲ.

"ಗಂಡನ ಹೆಸರು?" ಎಂದಳು.

ಗಂಗವ್ವ ಅದನ್ನು ಚೇಷ್ಟೆ ಎಂದುಕೊಂಡು ನೋವಿನಲ್ಲೂ ಸಣ್ಣಗೆ ನಕ್ಕಳು. ನಾನು, "ಮಲ್ಲಪ್ಪ ಅಲ್ಲೇನ್ರಿ ನರ್ಸಕ್ಕಾ, ನಿಮಗ ಗೊತ್ತಿಲ್ಲದ್ದೇನು?" ಎಂದೆ. ನನಗೆ ಅವನು ಮೈದುನ, ಹೆಸರು ಹೇಳಲು ಅಡ್ಡಿಯಿಲ್ಲ.

"ನಿನ್ನ ಕೇಳಿಲ್ಲ. ಆಕೀ ಹೇಳಲಿ. ತನ್ನ ಬಾಯಿಂದ ಹೇಳಿದವರಿಗೆ ಅಷ್ಟ ಇಲ್ಲಿ ಮಲಗಾಕ ಮಂಚ."

ಗಂಗವ್ವ ನನ್ನ ಮುಖ ನೋಡಿದಳು. ಮೇಜಿನೆದುರು ಒಂದು ಕಟ್ಟಿಗೆಯ ಬಾಕು, ಕೂಡುವ ಉದ್ದ ಬೆಂಚು, ಇತ್ತು. ನರ್ಸಕ್ಕ ಅದರತ್ತ ಬೆರಳು ತೋರಿಸಿದಳು. ಆ ಬಾಕಿನ ಮೇಲೆ ಗಂಗವ್ವ ಕುಳಿತಳು, ಪಕ್ಕದಲ್ಲಿ ನಾನು ನಿಂತೆ. ನಮ್ಮ ನಂತರ ಬಂದ ಮರಾಠಿ ಹೆಂಗಸರು, ಗುಜರಾತಿ ಹೆಂಗಸರು ಒಬ್ಬೊಬ್ಬರೇ ಒಳಗೆ ಹೋದರು. ನೋವು ಬಂದಾಗಲೆಲ್ಲ ಗಂಗವ್ವ ಬಾಕಿನ ಅಂಚನ್ನು ಹಿಡಿದುಕೊಳ್ಳುತ್ತಿದ್ದಳು. ಕೂಗಿದರೆ ನರ್ಸಕ್ಕ ಮೇಜಿನಿಂದಲೇ, "ಹೆಸರ ಹೇಳಾಕ ನಾಚಿಕಿ ಬರತೈತಿ, ಅವನ ಮಗ್ಗಲಾಗ ಮಲಗಾಕ ಬರಲಿಲ್ಲೇನು?" ಎಂದಳು. ಅದನ್ನೇ ಮರಾಠಿಯಲ್ಲಿ ಹೇಳಿ ಆಯಾಗಳನ್ನು ನಗಿಸಿದಳು. ದೊಡ್ಡ ಡಾಕ್ಟರರು ಹಾದುಹೋದವರು ಏನೆಂದು ಕೇಳಿದಾಗ, ಈ ಹೆಂಗಸರ ಮೂಢನಂಬಿಕೆ ಬಿಡಿಸುತ್ತಿದ್ದೇನೆ ಎಂದು ಆಕೆ ಹಿಂದಿಯಲ್ಲಿ ಹೇಳಿದಳು. ಅವರು ಒಳ್ಳೆಯದು, ಒಳ್ಳೆಯದು ಎನ್ನುತ್ತ ಮುಂದೆ ಹೋದರು. ಸ್ವಾತಂತ್ರ್ಯ ಬಂದ ಹೊಸತು, ಎಲ್ಲರಿಗೂ ಯಾರನ್ನಾದರೂ ಸುಧಾರಿಸುವ ಹುರುಪು.

ನಾನು ಬೇಡಿದೆ. ಜಗಳವಾಡಿದೆ. ಗೂರ್ಖಾನನ್ನು ಕರೆದು ಹೊರಗೆ ಹಾಕಿಸುತ್ತೇನೆ ಎಂದಳು. ಆಗ ಗಂಗವ್ವ ನನ್ನ ಕೈ ಹಿಡಿದು, "ಯಕ್ಕಾ, ಒಡಪಿನ್ಯಾಗ ಹೇಳ್ತೀನಿ ಅಂತ ಹೇಳು" ಎಂದಳು. ಹೇಳುವುದಕ್ಕೂ ಶುರುಮಾಡಿದಳು. ಬೆಳ್ಳಿ ತಾಟಿನ್ಯಾಗ ಬೆಲ್ಲ, ಬೆಲ್ಲದ ಮ್ಯಾಲೆ ತುಪ್ಪ, ಅಷ್ಟರಲ್ಲಿ ನೋವು ಬಂತು. ಅದು ಇಳಿದ ಮೇಲೆ ಮತ್ತೆ ಮೊದಲಿನಿಂದ. ಮತ್ತೆ ತುಪ್ಪದ ಹತ್ತಿರ ನೋವು. ಒಡಪನ್ನು ನಡುವಿನಿಂದ ಹೇಳಿದರೆ ಅದು ಒಡಪಾಗುವುದಿಲ್ಲವೆಂದು ಪ್ರತಿ ಸಲವೂ ಬೆಳ್ಳಿ ತಾಟಿನಿಂದಲೇ ಶುರುಮಾಡುತ್ತಿದ್ದಳು. "ಇದೇನ ಮದವಿ ಮನಿ ಅಂತ ತಿಳಿದೀ? ಹಾಡಬ್ಯಾಡ. ಹೆಸರ ಹೇಳು" ಎಂದಳು ನರ್ಸಕ್ಕ. ಕುಬಸದ ದಿನ ಹೋಳಿಗೆ ತಿನ್ನಿಸಿದ ಹೆಂಗಸು ಇವಳೇ ಏನು ಎಂದು ನಾನು ಆ ಮುಖವನ್ನೇ ನೋಡುತ್ತ ನಿಂತುಬಿಟ್ಟೆ.

ಕೊನೆಗೆ ಬಾಕಿನ ಕೆಳಗೆ ನೆಲವೆಲ್ಲ ಒದ್ದೆಯಾಯಿತು. ಸೀರೆಯಲ್ಲಿ ರಕ್ತ ಕಂಡಿತು. ಗಂಗವ್ವ ಎದ್ದು ನಿಂತು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, "ಮಲ್ಲಪ್ಪಾ!" ಎಂದು ಕಿರುಚಿದಳು. ಇಡೀ ಪಡಸಾಲೆ ತಿರುಗಿ ನೋಡಿತು. "ಶಾಭಾಸ್" ಎಂದಳು ನರ್ಸಕ್ಕ. ಎದ್ದು ಬಂದು, ತೊಡೆಯ ಮೇಲೆ ಒಂದು ಏಟು ಹಾಕಿ, ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಕೂಸು ಹೆಣ್ಣು. ಮೈ ನೀಲಿಗಟ್ಟಿತ್ತು. ಅಳಲಿಲ್ಲ. ತುಂಬ ತಡಮಾಡಿ ಕರೆದುಕೊಂಡು ಬಂದಿದ್ದೀರಿ, ಏನೂ ಮಾಡುವ ಹಾಗಿರಲಿಲ್ಲ ಎಂದು ಡಾಕ್ಟರರು ನನಗೆ ಬುದ್ಧಿ ಹೇಳಿದರು. ಬೆಳಗಿನಿಂದ ಅವರ ಕಣ್ಣೆದುರೇ ಕೂತಿದ್ದೆವು.

ಗಂಗವ್ವ ಅಳಲಿಲ್ಲ. ಮನೆಗೆ ಬಂದ ಮೇಲೆ, ಎದೆಹಾಲು ನಿಲ್ಲಲೆಂದು ನಾನು ಬಟ್ಟೆ ಬಿಗಿಯುತ್ತಿದ್ದಾಗ, ತಣ್ಣಗೆ ಒಂದು ಮಾತು ಆಡಿದಳು.

"ಹೆಸರ ಎತ್ತಿದೆನಲ್ಲ ಯಕ್ಕಾ. ಅವರಿಗೆ ಬರೂದು ಕೂಸಿಗೆ ಬಂತು. ನನ್ನ ಬಾಯೇ ಅದನ್ನ ತಿಂತು."

ಎಷ್ಟು ಹೇಳಿದೆ ನಾನು! ಹೆಸರಿನಿಂದ ಯಾರೂ ಸಾಯುವುದಿಲ್ಲ, ಹೊತ್ತಿಗೆ ಸರಿಯಾಗಿ ಒಳಗೆ ಕರೆದುಕೊಂಡಿದ್ದರೆ ಕೂಸು ಉಳಿಯುತ್ತಿತ್ತು ಎಂದು ಬಿಡಿಸಿ ಬಿಡಿಸಿ ಹೇಳಿದೆ. "ನಿನಗೇನ ಗೊತ್ತ ಯಕ್ಕಾ, ನೀ ಏನ ದವಾಖಾನಿಯಾಕೀ ಏನು?" ಎನ್ನುತ್ತಿದ್ದಳು. ಮಲ್ಲಪ್ಪ ತಾನು ಕಲ್ಲುಗುಂಡಿನ ಹಾಗೆ ಇದ್ದೇನೆ ನೋಡು ಎಂದು ಎದೆ ತಟ್ಟಿ ತೋರಿಸಿದರೆ, ಅದಕ್ಕೇ ಕೂಸು ಹೋಯಿತು ಎನ್ನುತ್ತಿದ್ದಳು. ಆಮೇಲಾಮೇಲೆ ಅವನಿಗೆ ಊಟಕ್ಕೆ ಬನ್ನಿ ಎಂದು ಕರೆಯುವಾಗಲೂ ಕೈಯಿಂದ ಬಾಯಿ ಮುಚ್ಚಿಕೊಂಡು ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಮುಂದೆ ಆಕೆಗೆ ಮಕ್ಕಳಾಗಲಿಲ್ಲ.

ಆಕೆ ನಂಬುವುದಿದ್ದರೆ ನರ್ಸಕ್ಕನ ಮಾತು ಒಂದನ್ನು. ಹಾಗಾಗಿ ನಾನು ಸಿಟ್ಟನ್ನೆಲ್ಲ ನುಂಗಿಕೊಂಡು ನರ್ಸಕ್ಕನ ಕೋಣೆಗೆ ಹೋದೆ. ಆಕೆ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು. "ಕೂಸು ಯಾಕ ಹೋತು ಅಂತ ನೀವು ಒಂದ ಮಾತು ಆಕೀಗೆ ಹೇಳ್ರಿ, ಸಾಕು. ನಾ ನಿಮಗ ಬ್ಯಾರೆ ಏನೂ ಕೇಳೂದಿಲ್ಲ" ಎಂದೆ.

ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡಳು. ಆಮೇಲೆ, "ನಾ ನರ್ಸ ಕಲಿಯೂವಾಗ ಇಂಗ್ರೇಜಿ ಮ್ಯಾಟ್ರನ್ ನಮ್ಮ ಕೈಬೆರಳಿನ ಮ್ಯಾಲೆ ರೂಲಿನಿಂದ ಹೊಡೀತಿದ್ದಳು. ಹಂಗ ಕಲತೀವಿ" ಎಂದಳು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದೆ. "ನಮ್ಮ ಹೆಂಗಸರು ಬಂದು ಮೂಕದನದಂಗ ನಿಂತರ ಆ ಮರಾಠಿ ಸಿಸ್ಟರಗೋಳು ನನ್ನ ಮಾರಿ ನೋಡಿ ನಗತಾವ. 'ಬಂದ್ರು ನೋಡು ನಿಮ್ಮವರು' ಅಂತಾವ. ನಿನಗ ಅದೆಲ್ಲಾ ತಿಳಿಯೂದಿಲ್ಲ." ಆಗ ನನಗೆ ಹೊಳೆಯಿತು: ಬೇರೆಯವರನ್ನು ಆಕೆ ಹೊಡೆಯುತ್ತಿದ್ದದ್ದು ರೂಢಿಯಿಂದ, ನಮ್ಮವರನ್ನು ನಮ್ಮವರೆಂಬ ಕಾರಣಕ್ಕೆ ಇನ್ನಷ್ಟು. ಆಕೆಯ ಮೇಲೆ ಮರುಕ ಹುಟ್ಟಿತು, ಇಲ್ಲವೆನ್ನುವುದಿಲ್ಲ. ಆದರೆ ಗಂಗವ್ವನಿಗೆ ಹೇಳಲು ಮಾತ್ರ ಆಕೆ ಒಪ್ಪಲಿಲ್ಲ. ಹೇಳಿದರೆ ನಾಳೆ ಚಾಳಿನ ಹೆಂಗಸರು ಯಾರೂ ದವಾಖಾನೆಗೆ ಬರುವುದಿಲ್ಲ, ಮನೆಯಲ್ಲೇ ಹೆತ್ತು ಸಾಯುತ್ತಾರೆ ಎಂದಳು. ಎಂಥ ಜಾಣ ಉತ್ತರ! ಅವತ್ತಿನಿಂದ ನಾನು ಆಕೆಯ ಜೊತೆ ಮಾತು ಬಿಟ್ಟೆ.

ಗಂಗವ್ವ ಬಿಡಲಿಲ್ಲ. ಆಕೆಯ ಲೆಕ್ಕದಲ್ಲಿ ತಪ್ಪು ತನ್ನದು, ನರ್ಸಕ್ಕನದಲ್ಲ. ಹಬ್ಬಕ್ಕೆ ಹೋಳಿಗೆ ಮಾಡಿದರೆ ಒಂದು ತಾಟು ಅಲ್ಲಿಗೆ ಹೋಗುತ್ತಿತ್ತು. ನರ್ಸಕ್ಕ ತಾಟು ಇಸಿದುಕೊಳ್ಳುವಾಗ ಆಕೆಯ ಮುಖ ನೋಡುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು. ಅಷ್ಟು ವರ್ಷವೂ ಆ ಒಂದು ಮಾತು ನರ್ಸಕ್ಕನ ನಾಲಗೆಯ ಮೇಲೆ ಕೂತೇ ಇತ್ತು ಎಂಬುದು ನನಗೆ ಗೊತ್ತು. ಗೊತ್ತಿದ್ದೇ ಸಿಟ್ಟು ಬರುತ್ತಿತ್ತು.

ನೌಕರಿ ಬಿಟ್ಟ ಮೇಲೆ ನರ್ಸಕ್ಕ ಬೇಗ ಇಳಿದುಹೋದಳು. ಹೊಟ್ಟೆಯಲ್ಲಿ ಏನೋ ಗಡ್ಡೆ ಎಂದರು. ಹೋದ ತಿಂಗಳು ಒಂದು ದಿನ ನಳದ ಹತ್ತಿರ ಕುಸಿದು ಬಿದ್ದಳು. ಎತ್ತಿದವಳು ಗಂಗವ್ವ. ಒಬ್ಬಳಿಂದ ಆಗುವುದಿಲ್ಲವೆಂದು ನನ್ನನ್ನೂ ಕರೆದಳು. ಗಂಡಸರು ಕೆಲಸಕ್ಕೆ ಹೋಗಿದ್ದರು. ಟ್ಯಾಕ್ಸಿಯಲ್ಲಿ ಹಾಕಿಕೊಂಡು ಒಂದು ದೊಡ್ಡ ಆಸ್ಪತ್ರೆಗೆ ಹೋದೆವು.

ಅಲ್ಲಿ ಮೇಜಿನ ಹಿಂದೆ ಎಳೆ ವಯಸ್ಸಿನ ಮರಾಠಿ ನರ್ಸು. ಈಕೆಯ ಹೆಸರು ಕೇಳಿದಳು, ಹೇಳಿದೆವು. ಗಂಡನ ಹೆಸರು ಕೇಳಿದಳು. ನಮಗೆ ಗೊತ್ತಿರಲಿಲ್ಲ. ನರ್ಸಕ್ಕನನ್ನೇ ಕೇಳಿದಳು. ನರ್ಸಕ್ಕ ತುಟಿ ಬಿಗಿದುಕೊಂಡಳು. ಹುಡುಗಿ ದನಿ ಏರಿಸಿದಳು. ಕಿವುಡಿಯೋ ಮೂಕಿಯೋ ಎಂದಳು. ಕೊನೆಗೆ, ಹೇಳುವತನಕ ಅಲ್ಲಿ ಕೂಡಿಸಿ ಎಂದು ಗೋಡೆಗೆ ಹಚ್ಚಿದ್ದ ಬಾಕನ್ನು ತೋರಿಸಿದಳು.

ಕೂಡಿಸಿದೆವು. ಎಷ್ಟೋ ವರ್ಷಗಳ ಮೇಲೆ ನಾನು ಆಕೆಯನ್ನು ಮಾತಾಡಿಸಿದೆ. "ಹೇಳಿಬಿಡ್ರಿ ನರ್ಸಕ್ಕಾ" ಎಂದೆ. ತಲೆ ಅಲ್ಲಾಡಿಸಿದಳು. ಹೇಳಬಾರದೆಂದು ಹೇಳಲಿಲ್ಲವೋ, ಹೇಳಲು ಅಂಥ ಹೆಸರೇ ಇರಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು. ನೋವಿಗೆ ಆಕೆಯ ದಪ್ಪ ಕೈ ಬಾಕಿನ ಅಂಚನ್ನು ಹಿಡಿದುಕೊಂಡಿತ್ತು. ಗಂಗವ್ವ ಆ ಕೈಯನ್ನೇ ನೋಡುತ್ತಿದ್ದಳು.

ನರ್ಸಕ್ಕ ಆಕೆಯ ಸೆರಗು ಎಳೆದಳು.

"ಗಂಗೀ, ನಿನ್ನ ಕೂಸು ಹೆಸರ ಹೇಳಿದ್ದಕ್ಕ ಸತ್ತಿಲ್ಲವಾ. ನಾ ಬಾಕಿನ ಮ್ಯಾಲೆ ಕುಂಡ್ರಿಸಿದ್ದಕ್ಕ ಸತ್ತೈತಿ. ಹೊಟ್ಟ್ಯಾಗ ಉಸಿರ ಕಟ್ಟಿ ಹೋತು ಅದು."

ಗಂಗವ್ವ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡಳು. ಮೇಜಿನ ಹತ್ತಿರ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿಯದೆ, "ಮಲ್ಲಪ್ಪ" ಎಂದಳು. ಬೆಳ್ಳಿ ತಾಟಿಲ್ಲ, ಬೆಲ್ಲವಿಲ್ಲ, ತುಪ್ಪವಿಲ್ಲ. ಪಡಸಾಲೆಗೆಲ್ಲ ಕೇಳಿಸಿತು.

ಈಕೆಯ ಗಂಡನೇ ಎಂದು ಹುಡುಗಿ ಕೇಳಿದಳು.

"ಅಲ್ಲ, ನನ್ನ ಗಂಡ. ಈಕೀ ಜವಾಬ್ದಾರಿ ನಮ್ಮದು. ಅವರ ಹೆಸರ ಬರಕೊಂಡು ಮದಲ ಈಕೀಗೆ ಮಂಚ ಕೊಡ್ರಿ" ಎಂದು ತನ್ನ ಅರೆಬರೆ ಮರಾಠಿಯಲ್ಲಿ ಹೇಳಿ, ಬರೆದುಕೊಳ್ಳುವತನಕ ಅಲ್ಲೇ ನಿಂತಳು. ಮಂಚ ಸಿಕ್ಕಿತು. ಆಯಾಗಳು ನರ್ಸಕ್ಕನನ್ನು ಒಳಗೆ ಒಯ್ಯುವಾಗ ಆಕೆ ಕತ್ತು ಹೊರಳಿಸಿ ಗಂಗವ್ವನನ್ನು ಹುಡುಕಿದಳು. ಗಂಗವ್ವ ಆಗಲೇ ಬಾಗಿಲು ದಾಟಿದ್ದಳು. ಆಮೇಲೆ ಒಮ್ಮೆಯೂ ಆಕೆಯನ್ನು ನೋಡಲು ಹೋಗಲಿಲ್ಲ. ಸತ್ತ ಸುದ್ದಿ ಬಂದ ದಿನ ನಳದ ಹತ್ತಿರವೂ ಬರಲಿಲ್ಲ.

ನರ್ಸಕ್ಕನನ್ನು ಆಸ್ಪತ್ರೆಗೆ ಸೇರಿಸಿ ಅವತ್ತು ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಹೆಂಗಸರ ಡಬ್ಬಿ ಖಾಲಿ ಇತ್ತು. ಗಂಗವ್ವ ಕಿಟಕಿಗೆ ಮುಖ ಮಾಡಿ ಕೂತಳು. ನನಗೆ ಒಳಗೊಳಗೇ ಹಗುರವಾಗಿತ್ತು. ಅಂತೂ ಹೇಳಬೇಕಾದವಳು ಹೇಳಿದಳು, ಈ ಹುಡುಗಿಯ ಎದೆಯ ಮೇಲಿನ ಕಲ್ಲು ಇಳಿಯಿತು ಎಂದುಕೊಂಡೆ. ಸಾಯನ್ ಸ್ಟೇಶನ್ ದಾಟಿದ ಮೇಲೆ ಆಕೆ ನನ್ನ ಕಡೆ ತಿರುಗಿದಳು. ಕೂಸು ಹೋದಾಗ ಅಳದಿದ್ದ ಹೆಂಗಸಿನ ಮುಖ ತುಂಬ ನೀರು.

"ಯಕ್ಕಾ, ಅವತ್ತ ಆ ಬಾಕಿನ ಮ್ಯಾಲೆ ಕುಂತಾಗ ಕೂಸು ಇನ್ನೂ ಮಿಸುಕಾಡತಿತ್ತು. ನಾ ಒಡಪು ನೆನಪ ಮಾಡಕೋತ ಕುಂತಿದ್ದೆ."